ಕೃಂಬಿಗಲ್ ಸಾಹೇಬರೂ ನಮ್ಮ ಊರುಗಳ ಮರಗಳೂ

ಚೈತ್ರ ವೈಶಾಖಗಳ ಬಿಸಿಲು ಎಂಥದೆಂಬುದನ್ನು ರೋಣ, ನರಗುಂದ, ಗಜೇಂದ್ರಗಡಗಳ ನಿವಾಸಿಗಳಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಎರೆಯ ನೆಲವು ಬಿರಿದು ಬಾಯಿ ತೆರೆದಿರುವ ಆ ದಿನಗಳಲ್ಲಿ ಸಂತೆಗೆ ಬಂದ ರೈತನು ತನ್ನ ಗಂಟನ್ನು ಇಳಿಸುವುದೂ, ಕಚೇರಿಯ ಕೆಲಸಕ್ಕೆ ಬಂದ ಮುದುಕಿಯು ಕರೆ ಬರುವ ತನಕ ಕುಳಿತಿರುವುದೂ, ಶಾಲೆ ಬಿಟ್ಟ ಮಕ್ಕಳು ಬಸ್ಸಿನ ದಾರಿ ಕಾಯುವುದೂ ಯಾವುದಾದರೊಂದು ಹಳೆಯ ಬೇವಿನ ಅಥವಾ ಆಲದ ಮರದ ಅಡಿಯಲ್ಲಿಯೇ. ಆ ಮರವನ್ನು ಯಾರು ನೆಟ್ಟರೆಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಅದನ್ನು ಯಾರು ಕಡಿದರೆಂದು ಕೇಳಿದರೆ ಮಾತ್ರ ಉತ್ತರವು ಬಹು ಸುಲಭವಾಗಿ ದೊರೆಯುವ ಕಾಲ ಬಂದಿದೆ.

ನಮ್ಮ ಮುದ್ರಣಾಲಯದ ಎದುರಿನಲ್ಲಿಯೂ ಒಂದು ಬೇವಿನ ಮರವಿತ್ತು. ಗಟಾರವನ್ನು ಅಗಲಗೊಳಿಸುವ ಕಾಮಗಾರಿಯಲ್ಲಿ ಅದರ ಒಂದು ಪಕ್ಕದ ಬೇರುಗಳನ್ನು ಕತ್ತರಿಸಿದರು. ಮುಂದಿನ ಮುಂಗಾರಿನ ಗಾಳಿಗೆ ಅದು ವಾಲಿತು; ವಾಲಿದ ಮರವು ಅಪಾಯಕರವೆಂದು ಅದನ್ನು ಕಡಿದು ಹಾಕಿದರು. ಪ್ರತಿದಿನವೂ ಊರಿನ ಸುದ್ದಿಯನ್ನೆಲ್ಲ ಅಚ್ಚುಹಾಕುವ ನಾವು ಬೇರು ಕಡಿಯುವುದನ್ನು ಕಣ್ಣಾರೆ ಕಂಡೂ ಆ ದಿನ ಒಂದು ಸಾಲನ್ನೂ ಬರೆಯಲಿಲ್ಲ. ಈ ಲೇಖನವು ಆ ಮೌನಕ್ಕೆ ತಡವಾಗಿ ಮಾಡುವ ಪ್ರಾಯಶ್ಚಿತ್ತವೆಂದು ವಾಚಕರು ತಿಳಿದರೆ ತಪ್ಪಾಗಲಾರದು. ಪಟ್ಟಣದ ಬೀದಿಗಳಲ್ಲಿ ದೊಡ್ಡ ಮರಗಳಿಗೆ ಸ್ಥಾನ ಕಲ್ಪಿಸುವುದನ್ನೇ ತನ್ನ ಜೀವಮಾನದ ಉದ್ಯೋಗವನ್ನಾಗಿ ಮಾಡಿಕೊಂಡಿದ್ದ ಒಬ್ಬ ಪುರುಷನ ಚರಿತ್ರೆಯನ್ನು ಇಂದು ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ. ಆ ಪುರುಷನು ನಮ್ಮ ನಾಡಿನಲ್ಲಿ ಹುಟ್ಟಿದವನಲ್ಲ. ಆದರೆ ನಮ್ಮ ನಾಡಿನ ಮಣ್ಣಿನಲ್ಲಿಯೇ ಮಲಗಿದ್ದಾನೆ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಸಾಹೇಬರು 1865ನೆಯ ಇಸವಿ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡನ್ ನಗರದ ಸಮೀಪದಲ್ಲಿರುವ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಪಿಲ್ನಿಟ್ಸ್ ಎಂಬಲ್ಲಿ ತೋಟಗಾರಿಕೆಯ ಶಿಕ್ಷಣವನ್ನು ಪಡೆದು, ಅನಂತರ ಶ್ವೆರಿನ್ ಮತ್ತು ಹ್ಯಾಂಬರ್ಗ್ ಪಟ್ಟಣಗಳಲ್ಲಿ ಕೆಲಸ ಮಾಡಿದರು. ಅವರದು ಕೇವಲ ಗ್ರಂಥಪಾಂಡಿತ್ಯವಲ್ಲ. ಸಲಿಕೆ ಹಿಡಿದು, ಮಣ್ಣು ತಿರುವಿ, ಸಸಿಯ ಬೇರನ್ನು ಬೆರಳುಗಳಿಂದ ಬಿಡಿಸಿ ನೆಟ್ಟು ಕಲಿತ ವಿದ್ಯೆ. 1888ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರಚಿಸುವ ಕೆಲಸದಲ್ಲಿ ತೊಡಗಿದರು. ಅಲ್ಲಿಂದ ಜಗದ್ವಿಖ್ಯಾತವಾದ ಕ್ಯೂ ರಾಜೋದ್ಯಾನವನ್ನು ಸೇರಿದರು. ಪ್ರಪಂಚದ ನಾನಾ ಖಂಡಗಳ ಸಸ್ಯಗಳು ಬಂದು ಸೇರುತ್ತಿದ್ದ ಆ ಉದ್ಯಾನವು, ಯಾವ ಗಿಡವು ಯಾವ ನೆಲದಲ್ಲಿ ಬಾಳೀತು, ಯಾವುದು ಬಾಳಲಾರದು ಎಂಬ ವಿವೇಕವನ್ನು ಕಲಿಸುವ ಪಾಠಶಾಲೆಯೇ ಆಗಿದ್ದಿತು.

1893ರಲ್ಲಿ ಅವರು ಹಿಂದುಸ್ಥಾನಕ್ಕೆ ಬಂದರು. ಬಂದುದು ಆಂಗ್ಲ ಸರಕಾರದ ಸೇವೆಗಲ್ಲ, ಬರೋಡೆಯ ಶ್ರೀಮಂತ ಸಯಾಜಿರಾವ್ ಗಾಯಕವಾಡ ಮಹಾರಾಜರ ಸೇವೆಗೆ ಎಂಬುದು ಇಲ್ಲಿ ಸ್ಮರಣೀಯವಾಗಿದೆ. ಆ ಪ್ರಗತಿಶೀಲ ಅರಸರ ಆಶ್ರಯದಲ್ಲಿ ಸುಮಾರು ಹದಿನಾಲ್ಕು ವರ್ಷಗಳ ಕಾಲ ಬರೋಡೆಯ ಉದ್ಯಾನಗಳನ್ನು ನೋಡಿಕೊಂಡರು. ಯುರೋಪಿನ ತಂಪು ಹವೆಯಲ್ಲಿ ಕಲಿತ ವಿದ್ಯೆಯನ್ನು ಗುಜರಾತಿನ ಬಿಸಿಲಿನಲ್ಲಿ ತಿದ್ದಿಕೊಂಡುದು ಅಲ್ಲಿಯೇ. 1908ರಲ್ಲಿ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನವು ಅವರನ್ನು ಕರೆಸಿಕೊಂಡು ಬೆಂಗಳೂರಿನ ಲಾಲ್‌ಬಾಗ್ ಹಾಗೂ ಸರಕಾರಿ ತೋಟಗಳ ಮೇಲ್ವಿಚಾರಕರನ್ನಾಗಿ ನಿಯಮಿಸಿತು.

ಲಾಲ್‌ಬಾಗು ಆ ವೇಳೆಗೆ ಹಳೆಯ ತೋಟವೇ. 1760ರ ಸುಮಾರಿಗೆ ಹೈದರಾಲಿಯು ಆರಂಭಿಸಿ ಟಿಪ್ಪುವು ಬೆಳೆಸಿದ ಆ ತೋಟವನ್ನು ಜಾನ್ ಕ್ಯಾಮರನ್ ಎಂಬವರು 1874ರಿಂದ ಮೂವತ್ತನಾಲ್ಕು ವರ್ಷಗಳ ದೀರ್ಘಕಾಲ ಪಾಲಿಸಿ ವಿಸ್ತರಿಸಿದ್ದರು. ಕೃಂಬಿಗಲ್ ಸಾಹೇಬರು ಅವರ ಪೀಠಕ್ಕೆ ಬಂದು 1932ರ ತನಕ, ಎಂದರೆ ಇಪ್ಪತ್ತನಾಲ್ಕು ವರ್ಷ, ಅದೇ ಪದವಿಯಲ್ಲಿದ್ದರು. ಇಬ್ಬರೇ ಅಧಿಕಾರಿಗಳ ಕಾಲದಲ್ಲಿ ಐವತ್ತೆಂಟು ವರ್ಷಗಳು ಸಂದುವು! ಒಬ್ಬ ಅಧಿಕಾರಿಯು ಊರಿನ ಓಣಿಗಳ ಹೆಸರನ್ನು ಕಲಿಯುವುದರೊಳಗೆ ವರ್ಗಾವಣೆಯ ಹುಕುಮು ಬರುವ ಇಂದಿನ ದಿನಗಳಲ್ಲಿ ಈ ಸಂಗತಿಯು ಸಣ್ಣದಲ್ಲ. ಬೇವಿನ ಸಸಿಯು ದಾರಿಹೋಕನಿಗೆ ನೆರಳು ಕೊಡುವಷ್ಟು ಬೆಳೆಯಲು ಹತ್ತು ವರ್ಷಗಳಾದರೂ ಬೇಕು. ಆಲವು ತನ್ನ ಪೂರ್ಣ ವೈಭವಕ್ಕೆ ಬರಲು ಮನುಷ್ಯನ ಎರಡು ಮೂರು ತಲೆಮಾರುಗಳು ಬೇಕು. ಮರಕ್ಕಿಂತ ಮೊದಲು ಅದನ್ನು ನೋಡಿಕೊಳ್ಳುವವನು ಬೇರೂರಬೇಕೆಂಬ ತತ್ತ್ವವನ್ನು ಮೈಸೂರು ಸಂಸ್ಥಾನವು ಅರಿತಿದ್ದಿತು.

ಬೆಂಗಳೂರು ಆಗ ಬೆಳೆಯುತ್ತಲಿದ್ದ ನಗರ. 1898ರ ಪ್ಲೇಗಿನ ಹಾವಳಿಯ ತರುವಾಯ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳನ್ನು ಸರಕಾರವು ನಿರ್ಮಿಸಿದ್ದಿತು. ಅಗಲವಾದ ಬೀದಿಗಳು, ಮನೆಯ ಮುಂದೆ ಅಂಗಳ, ಬೀದಿಯ ಎರಡೂ ಕಡೆ ಸಾಲುಮರಗಳು, ಇದೇ ಅವುಗಳ ಲಕ್ಷಣವಾಯಿತು. ಮಲ್ಲೇಶ್ವರದ ಎರಡು ಮುಖ್ಯ ಬೀದಿಗಳಿಗೆ ಸಂಪಿಗೆಯ ಹೆಸರೂ ಬೇವಿನ ಹೆಸರೂ ಇಂದಿಗೂ ಉಳಿದಿವೆ. ಇಂಥ ನಗರದಲ್ಲಿ ಕೃಂಬಿಗಲ್ ಸಾಹೇಬರು ತೋಟದ ಬೇಲಿಯೊಳಗೆ ಮಾತ್ರ ನಿಲ್ಲಲಿಲ್ಲ. ತೋಟವನ್ನು ಬೀದಿಗೆ ತಂದರು. ದೇಶದೇಶಗಳ ಸಸ್ಯೋದ್ಯಾನಗಳೊಡನೆ ಬೀಜ ಸಸಿಗಳ ವಿನಿಮಯವನ್ನು ನಡೆಸಿ ನೂರಾರು ಬಗೆಯ ಗಿಡಗಳನ್ನು ತರಿಸಿ ಲಾಲ್‌ಬಾಗಿನಲ್ಲಿ ಬೆಳೆಸಿದರು. ಇಲ್ಲಿಯ ಹವೆಗೆ ಒಗ್ಗಿದವುಗಳು ಬೆಂಗಳೂರಿನ ರಸ್ತೆಗಳಲ್ಲಿ ಸಾಲಾಗಿ ನಿಂತುವು.

ಅವರ ಹೆಸರಿನೊಡನೆ ಲೋಕವು ವಿಶೇಷವಾಗಿ ಜೋಡಿಸಿರುವ ಕಲ್ಪನೆಯೊಂದುಂಟು. ಒಂದು ಬೀದಿಯ ಮರಗಳು ಹೂಬಿಟ್ಟು ಮುಗಿಸುವಷ್ಟರಲ್ಲಿ ಮತ್ತೊಂದು ಬೀದಿಯ ಮರಗಳು ಹೂವೇರಬೇಕು. ವರ್ಷದ ಹನ್ನೆರಡು ತಿಂಗಳಲ್ಲಿ ಯಾವಾಗಲೂ ನಗರದ ಒಂದಲ್ಲ ಒಂದು ಭಾಗವು ಹೂವಿನಿಂದ ತುಂಬಿರಬೇಕು. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೆಬುಯಾ, ಅನಂತರ ನೀಲಿಯ ಜಕರಾಂಡ, ಬೇಸಗೆ ಬಲಿತಾಗ ಕೆಂಪು ಗುಲ್‌ಮೊಹರ್, ಹೀಗೆ ಋತುಗಳು ಬೀದಿಗಳಲ್ಲಿ ಮೆರವಣಿಗೆ ಹೊರಟಂತೆ ಕಾಣುವ ಏರ್ಪಾಡು ಅದು. ನೋಡುವವರ ಕಣ್ಣಿಗೆ ಇದು ಕೇವಲ ಅಂದಚೆಂದದ ವಿಷಯವೆಂದು ತೋರಬಹುದು. ಆದರೆ ಇದರ ಒಳಗಿರುವ ಶಿಸ್ತನ್ನು ಗಮನಿಸಬೇಕು. ಸಸಿ ನೆಡುವ ಮೊದಲೇ ಆ ಬೀದಿಯ ಅಗಲವೆಷ್ಟು, ಮರವು ಬೆಳೆದು ನಿಂತಾಗ ಅದರ ಹರವು ಎಷ್ಟಾದೀತು, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವಿರಬೇಕು, ಎಂಬುದನ್ನೆಲ್ಲ ಲೆಕ್ಕ ಹಾಕದ ಹೊರತು ಇಂಥ ಏರ್ಪಾಡು ಸಾಧ್ಯವಿಲ್ಲ. ಮರಕ್ಕೆ ಜಾಗವನ್ನು ಮೊದಲು ಮಾಡಿ, ಮರವನ್ನು ಆಮೇಲೆ ನೆಡುವುದು ಅವರ ಕ್ರಮ. ಸಸಿಯನ್ನು ಮೊದಲು ನೆಟ್ಟು, ಚಿತ್ರ ತೆಗೆಯಿಸಿಕೊಂಡು, ಜಾಗದ ವಿಚಾರವನ್ನು ಜೆ.ಸಿ.ಬಿ. ಯಂತ್ರಕ್ಕೆ ಬಿಡುವುದು ನಮ್ಮ ಕಾಲದ ಕ್ರಮ.

1912ರಲ್ಲಿ ಮೈಸೂರು ತೋಟಗಾರಿಕಾ ಸಂಘವು ಸ್ಥಾಪಿತವಾದಾಗ ಅವರು ಅದರ ಪ್ರವರ್ತಕರಲ್ಲೊಬ್ಬರಾಗಿದ್ದರು. ಸರಕಾರದ ಮಾಲಿಗಳಿಂದ ಮಾತ್ರ ನಗರವು ಹಸುರಾಗದು. ಮನೆವಂತರಿಗೂ ವರ್ತಕರಿಗೂ ಗಿಡದ ಹವ್ಯಾಸ ಹತ್ತಬೇಕೆಂಬ ತಿಳಿವಳಿಕೆಯು ಈ ಕಾರ್ಯದಲ್ಲಿ ಕಾಣುತ್ತದೆ. ಮಿರ್ಜಾ ಇಸ್ಮಾಯಿಲ್ ಸಾಹೇಬರು 1926ರಲ್ಲಿ ದಿವಾನರಾದ ಮೇಲೆ ನಗರಗಳ ಸೌಂದರ್ಯಕ್ಕೆ ಸಂಸ್ಥಾನವು ಇನ್ನೂ ಹೆಚ್ಚಿನ ಲಕ್ಷ್ಯವನ್ನು ಕೊಟ್ಟಿತು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ರಚನೆಯಲ್ಲಿಯೂ ಕೃಂಬಿಗಲ್ ಸಾಹೇಬರ ಕೈವಾಡವಿದ್ದಿತು. 1932ರಲ್ಲಿ ಅವರು ನಿವೃತ್ತರಾದಾಗ ಲಾಲ್‌ಬಾಗಿನ ಅಧಿಕಾರವು ಎಚ್.ಸಿ. ಜವರಾಯರೆಂಬ ಕನ್ನಡಿಗರ ಕೈಗೆ ಬಂದಿತು. ವಿದೇಶೀಯನು ಕಟ್ಟಿದುದನ್ನು ಸ್ವದೇಶೀಯನು ವಹಿಸಿಕೊಂಡು ಬೆಳೆಸಿದ ಆ ಹಸ್ತಾಂತರವು ನಮ್ಮ ಅಭಿಮಾನಕ್ಕೆ ಪಾತ್ರವಾದುದು.

ಅವರ ಬಾಳಿನಲ್ಲಿ ಕಹಿಯೂ ಇದ್ದಿತು. ಮಹಾಯುದ್ಧವು ಜರ್ಮನಿಗೂ ಇಂಗ್ಲೆಂಡಿಗೂ ವೈರ ತಂದಾಗ, ಜರ್ಮನಿಯಲ್ಲಿ ಹುಟ್ಟಿದವನೆಂಬ ಒಂದೇ ಕಾರಣಕ್ಕೆ ಆಂಗ್ಲ ಅಧಿಕಾರದ ಸಂಶಯಕ್ಕೆ ಗುರಿಯಾಗಿ ಬಂಧನವನ್ನೂ ಅನುಭವಿಸಬೇಕಾಯಿತು. ಊರಿಗೆಲ್ಲ ನೆರಳನ್ನು ಕೊಟ್ಟವನಿಗೆ ಕಾವಲಿನ ಮನೆ! ಆದರೂ ಅವರು ಈ ನಾಡನ್ನು ಬಿಟ್ಟು ಹೋಗಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆಯೂ ಸ್ವದೇಶಕ್ಕೆ ಮರಳದೆ ಬೆಂಗಳೂರಿನಲ್ಲಿಯೇ ನಿಂತು ಉದ್ಯಾನಗಳ ವಿಷಯದಲ್ಲಿ ಸಲಹೆ ಕೊಡುತ್ತಿದ್ದರು. ದೇಶವು ಸ್ವತಂತ್ರವಾದುದನ್ನೂ ಕಂಡರು. 1956ನೆಯ ಇಸವಿ ಫೆಬ್ರುವರಿ 8ರಂದು, ತೊಂಬತ್ತು ವರ್ಷಗಳ ತುಂಬು ಆಯುಷ್ಯವನ್ನು ಮುಗಿಸಿ ಕಾಲವಾದರು. ಅದೇ ವರ್ಷದ ನವೆಂಬರಿನಲ್ಲಿ ಕನ್ನಡನಾಡು ಒಂದಾಯಿತು; ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ರೋಣ ನರಗುಂದಗಳೂ ಅವರು ಹಸುರುಗೊಳಿಸಿದ ನಗರವೂ ಒಂದೇ ರಾಜ್ಯಕ್ಕೆ ಸೇರಿದುವು. ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ರಾಷ್ಟ್ರಾಭಿಮಾನದ ಪತ್ರಿಕೆಯು ಪರದೇಶದ ತೋಟಗಾರನೊಬ್ಬನನ್ನು ಕೊಂಡಾಡುವುದೇಕೆಂದು ಕೇಳುವವರು ಇರಬಹುದು. ಬಾಬಾಸಾಹೇಬರ ನರಗುಂದದಲ್ಲಿ ಈ ಪ್ರಶ್ನೆಯು ಹುಟ್ಟುವುದು ಸಹಜವೂ ಹೌದು. ನಮ್ಮ ಉತ್ತರವಿಷ್ಟೆ: ನಾಡನ್ನು ಆಳಲು ಬಂದವರು ಬೇರೆ, ನಾಡಿಗೆ ದುಡಿಯಲು ಬಂದವರು ಬೇರೆ. ಕೃಂಬಿಗಲ್ ಸಾಹೇಬರು ದೇಶೀಯ ಅರಸರ ಅನ್ನವನ್ನುಂಡು ದೇಶೀಯ ಜನರ ನೆತ್ತಿಗೆ ನೆರಳು ಮಾಡಿದರು. ಮತ್ತು ಈ ವಿದ್ಯೆಯು ಪರದೇಶದಿಂದ ಬಂದುದೆಂದು ನಾವು ತಲೆ ತಗ್ಗಿಸಬೇಕಾದುದೂ ಇಲ್ಲ. ದೇವಾನಾಂಪ್ರಿಯ ಅಶೋಕನ ಶಾಸನಗಳು ನಮ್ಮ ನೆರೆಯ ಕೊಪ್ಪಳದ ಬಂಡೆಗಳ ಮೇಲೆಯೂ ಇವೆ. ಆ ಚಕ್ರವರ್ತಿಯು ದಾರಿಗಳ ಪಕ್ಕದಲ್ಲಿ ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದುದನ್ನು ತನ್ನ ಸ್ತಂಭಶಾಸನದಲ್ಲಿ ಕೆತ್ತಿಸಿ ಎರಡು ಸಾವಿರ ವರ್ಷಗಳ ಮೇಲಾಯಿತು. ಅಶ್ವತ್ಥಕಟ್ಟೆಯಿಲ್ಲದ ಊರು ನಮ್ಮಲ್ಲಿ ಇದ್ದಿರಲೇ ಇಲ್ಲ. ಗಜೇಂದ್ರಗಡದ ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಮರದ ಬೇರುಗಳ ನಡುವಿನಿಂದ ಇಳಿಯುವ ಅಂತರಗಂಗೆಗೆ ಕೈಮುಗಿಯುವ ಜನ ನಾವು. ಮರ ಪೂಜ್ಯವೆಂಬ ಭಾವನೆ ನಮ್ಮಲ್ಲಿ ಇದ್ದೇ ಇದೆ. ಕೊರತೆಯಿರುವುದು ಅದನ್ನು ಆಡಳಿತದ ನಿಯಮವನ್ನಾಗಿ ಮಾಡುವುದರಲ್ಲಿ. ಪರಕೀಯನಿಂದ ಕಲಿಯಬೇಕಾದ ಪಾಠವು ಅದೊಂದೇ.

ಸತ್ಯದ ದೃಷ್ಟಿಯಿಂದ ಇನ್ನೆರಡು ಮಾತುಗಳನ್ನು ಹೇಳಬೇಕು. ಬೆಂಗಳೂರಿನ ಹಸುರೆಲ್ಲ ಒಬ್ಬನ ಕೃತಿಯೆಂಬುದು ಅತಿಶಯೋಕ್ತಿ. ಅವರಿಗಿಂತ ಹಿಂದೆಯೂ ನೆಟ್ಟವರಿದ್ದರು, ಮುಂದೆಯೂ ಇದ್ದರು. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳರೆಂಬ ಕನ್ನಡಿಗ ಅರಣ್ಯಾಧಿಕಾರಿಗಳು ಅದೇ ನಗರದಲ್ಲಿ ಸುಮಾರು ಹದಿನೈದು ಲಕ್ಷ ಸಸಿಗಳನ್ನು ನೆಡಿಸಿ ಬೆಳೆಯಿಸಿದರು. ಎರಡನೆಯದಾಗಿ, ವಿದೇಶದಿಂದ ತರಿಸಿದ ಮರಗಳೆಲ್ಲವೂ ಎಲ್ಲ ಕಡೆಗೂ ಯೋಗ್ಯವಲ್ಲ. ಗುಲ್‌ಮೊಹರಿನಂಥ ಮೃದುವಾದ ಮರಗಳ ಕೊಂಬೆಗಳು ಬಿರುಗಾಳಿಗೆ ಮುರಿಯುತ್ತವೆ. ಬೇರು ಆಳಕ್ಕೆ ಇಳಿಯದ ಮರಗಳು ಇಕ್ಕಟ್ಟಿನ ಬೀದಿಯಲ್ಲಿ ಉರುಳುತ್ತವೆ. ನಮ್ಮ ಎರೆಯ ನೆಲವಂತೂ ಮಳೆಯಲ್ಲಿ ಉಬ್ಬಿ ಬಿಸಿಲಿನಲ್ಲಿ ಕುಗ್ಗಿ ಬಿರಿಯುವಂಥದು. ಇಲ್ಲಿಗೆ ಬೇವು, ಹುಣಿಸೆ, ಹೊಂಗೆ, ಬನ್ನಿಗಳೂ, ವಿಶಾಲವಾದ ಬಯಲಿದ್ದಲ್ಲಿ ಆಲ ಅರಳಿಗಳೂ ತಕ್ಕವು. ಕೃಂಬಿಗಲ್ ಸಾಹೇಬರ ಮರಗಳನ್ನು ನಾವು ಅನುಕರಿಸಬೇಕಾಗಿಲ್ಲ. ನೆಲವನ್ನು ನೋಡಿ ಮರವನ್ನು ಆರಿಸುವ ಅವರ ವಿವೇಕವನ್ನು ಅನುಕರಿಸಿದರೆ ಸಾಕು.

ಅವರ ನಗರದಲ್ಲಿಯೂ ಅವರ ಪಾಠವನ್ನು ಮರೆತುದುಂಟು. ವಾಹನಗಳ ಸಂಖ್ಯೆ ಏರಿದಂತೆ ರಸ್ತೆಗಳ ಅಗಲೀಕರಣಕ್ಕೆ ಸಾವಿರಾರು ಮರಗಳು ಬಲಿಯಾದುವು. ಲಾಲ್‌ಬಾಗಿನಲ್ಲಿ ಅವರ ಹೆಸರಿದ್ದ ಸಭಾಭವನವು ಬಹುಕಾಲದ ಅಲಕ್ಷ್ಯದ ಫಲವಾಗಿ 2017ರಲ್ಲಿ ಕುಸಿಯಿತು. ಆದರೆ ಮರೆಯದವರೂ ಇದ್ದರು. ಉಕ್ಕಿನ ಮೇಲ್ಸೇತುವೆಯೊಂದಕ್ಕಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯುವ ಯೋಜನೆ ಬಂದಾಗ, 2016ರ ಅಕ್ಟೋಬರಿನಲ್ಲಿ ಸಹಸ್ರಾರು ನಾಗರಿಕರು ರಸ್ತೆಯ ಉದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಜನರ ಶಾಂತವಾದ ಹಟಕ್ಕೆ ಸರಕಾರವು ಮಣಿಯುವುದೆಂಬುದಕ್ಕೆ ಇದು ನಿದರ್ಶನ. ನೆರಳು ಕೇವಲ ಭಾವುಕತೆಯಲ್ಲವೆಂಬುದಕ್ಕೂ ಲೆಕ್ಕವಿದೆ. ಬೆಂಗಳೂರಿನ ಬೀದಿಮರಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮರಗಳಿದ್ದ ಬೀದಿಯ ಗಾಳಿಯು ಮರಗಳಿಲ್ಲದ ಬೀದಿಗಿಂತ 5.6 ಡಿಗ್ರಿಯವರೆಗೂ, ಡಾಂಬರಿನ ಮೈಯು 27.5 ಡಿಗ್ರಿಯವರೆಗೂ ತಂಪಾಗಿದ್ದುದು ಕಂಡುಬಂದಿತು. ತಂಪಿನ ಬೆಂಗಳೂರಿನಲ್ಲಿಯೇ ಹೀಗಾದರೆ ರೋಣದ ಬಿಸಿಲಿನಲ್ಲಿ ಮರದ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ದೊಡ್ಡ ಮರವು ಬೀಳುವುದೆಂದರೆ ಏನೆಂಬುದನ್ನು ನಮ್ಮ ನೆರೆಯ ಸವಣೂರು ಬಲ್ಲದು. ಅಲ್ಲಿಯ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ದೊಡ್ಡಹುಣಸೆ ಮರಗಳು ನಾಡಿಗೆಲ್ಲ ಪ್ರಸಿದ್ಧವಾಗಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಮೇಲಾಯಿತು. ಊರವರು ಕೈಕಟ್ಟಿ ಕೂಡಲಿಲ್ಲ, ಅಧಿಕಾರಿಗಳೂ ಕೂಡಲಿಲ್ಲ. ಕೊಂಬೆಗಳನ್ನು ಹಗುರಗೊಳಿಸಿ, ಯಂತ್ರಗಳಿಂದ ಎತ್ತಿ, ಮತ್ತೆ ನೆಲಕ್ಕೆ ನಿಲ್ಲಿಸಿದರು. ಬಿದ್ದ ಮರವನ್ನು ಎತ್ತಲು ಇಷ್ಟು ಶ್ರಮ ಪಡಬಲ್ಲ ನಾಡಿಗೆ, ನಿಂತ ಮರವನ್ನು ಬೀಳಿಸದಿರುವುದು ಕಷ್ಟವಾಗಬಾರದು.

ಕಾನೂನಿನ ಕೊರತೆಯೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಪಟ್ಟಣದಲ್ಲಿಯ ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿದರೆ ಬದಲಿಗೆ ನೆಡಬೇಕು. ಆದರೆ ಕೊಡಲಿಯಿಂದ ಕೊಲ್ಲುವುದನ್ನು ಗುರುತಿಸುವಷ್ಟು ಸುಲಭವಾಗಿ, ಉಸಿರುಕಟ್ಟಿಸಿ ಕೊಲ್ಲುವುದನ್ನು ನಾವು ಗುರುತಿಸುವುದಿಲ್ಲ. ಮರದ ಆಹಾರದ ಬೇರುಗಳು ಬಹುಮಟ್ಟಿಗೆ ನೆಲದ ಮೇಲಿನ ಒಂದು ಮೀಟರಿನ ಮಣ್ಣಿನಲ್ಲಿಯೇ ಹರಡಿ, ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತವೆ. ಅವಕ್ಕೆ ನೀರಿನಂತೆಯೇ ಗಾಳಿಯೂ ಬೇಕು. ಬೊಡ್ಡೆಗೆ ತಾಗುವಂತೆ ಕಾಂಕ್ರೀಟು ಹಾಕಿದರೆ, ಪೇವರ್ ಕಲ್ಲು ಜೋಡಿಸಿದರೆ, ಮರವು ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಗಟಾರಕ್ಕಾಗಿ ಒಂದು ಪಕ್ಕದ ಬೇರನ್ನೂ, ವಿದ್ಯುತ್ ತಂತಿಗಾಗಿ ಒಂದು ಪಕ್ಕದ ಕೊಂಬೆಯನ್ನೂ ಕಡಿದರೆ ಮೊದಲ ಬಿರುಗಾಳಿಗೇ ಅದು ಉರುಳುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿದುದು ಈ ಕಾರಣದಿಂದಲೇ. ದೆಹಲಿಯ ಮರಕ್ಕೆ ಬೇಕಾದ ಉಸಿರು ನರಗುಂದದ ಮರಕ್ಕೆ ಬೇಡವೇ?

ನಮ್ಮ ಪುರಸಭೆಗಳ ಸದಸ್ಯರಲ್ಲಿಯೂ ಅಧಿಕಾರಿವರ್ಗದವರಲ್ಲಿಯೂ ನಮ್ಮ ವಿನಂತಿಯು ದೊಡ್ಡದಲ್ಲ. ಪ್ರತಿಯೊಂದು ಪಟ್ಟಣದ ದೊಡ್ಡ ಮರಗಳನ್ನು ಎಣಿಸಿ, ಪಟ್ಟಿ ಮಾಡಿ, ಮನೆಯ ಕರದ ಪುಸ್ತಕವನ್ನಿಡುವಷ್ಟೇ ನಿಷ್ಠೆಯಿಂದ ಆ ಪಟ್ಟಿಯನ್ನಿಡಲಿ. ರಸ್ತೆ ಅಥವಾ ಗಟಾರದ ನಕ್ಷೆಯನ್ನು ಬರೆಯುವಾಗ ಮರವನ್ನೂ ನಕ್ಷೆಯಲ್ಲಿ ಗುರುತಿಸಲಿ. ಗಟಾರವು ಎರಡು ಮೊಳ ಸುತ್ತಿ ಹೋದರೆ ನೀರು ಹರಿಯದೆ ಇರುವುದಿಲ್ಲ. ಹೊಸ ಬಡಾವಣೆಗಳಿಗೆ ಒಪ್ಪಿಗೆ ಕೊಡುವಾಗ ಆಲಕ್ಕೂ ಅರಳಿಗೂ ಸಾಕಾಗುವಷ್ಟು ಬಯಲನ್ನು ಮೊದಲೇ ಬಿಡಿಸಲಿ. ಇರುವ ಮರಗಳ ಬೊಡ್ಡೆಯ ಸುತ್ತ ಮಣ್ಣನ್ನು ತೆರೆದಿಡಲಿ. ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಹತ್ತನ್ನು ನೆಟ್ಟು ಮೂರು ಬೇಸಗೆ ನೀರೆರೆಯುವುದು ಮೇಲು. ನಾಗರಿಕರಾದ ನಮ್ಮ ಪಾಲಿಗೆ ಬರುವುದು ಕಾವಲು. ಬೇರು ಕಡಿಯುವ ದಿನವೇ ಕೇಳಬೇಕು; ಮರ ಬಿದ್ದ ಮೇಲೆ ಮರುಗಿ ಫಲವಿಲ್ಲ. ಇದನ್ನು ಬರೆಯುತ್ತಿರುವವರು ಅನುಭವದಿಂದ ಬಲ್ಲರು.

ಕೃಂಬಿಗಲ್ ಸಾಹೇಬರು ತಾವು ನೆಡಿಸಿದ ಮರಗಳ ಪೂರ್ಣ ನೆರಳನ್ನು ತಾವೇ ಉಂಡವರಲ್ಲ. ಅದನ್ನು ಉಂಡವರು ಅವರ ಹೆಸರನ್ನೂ ಕೇಳದ ಕೋಟ್ಯಂತರ ಜನ. ನಮ್ಮ ಸಂತೆಯ ಬೇವನ್ನು ನೆಟ್ಟ ಅನಾಮಧೇಯನೂ ಅದೇ ಪಂಕ್ತಿಯವನು. ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲು ರಾಜಾಶ್ರಯ ಬೇಕಿಲ್ಲ, ಕ್ಯೂ ಉದ್ಯಾನದ ವಿದ್ಯೆಯೂ ಬೇಕಿಲ್ಲ. ಒಂದು ಗುಂಡಿ, ಒಂದು ಸಸಿ, ಮೂರು ಬೇಸಗೆಯ ನೀರು ಮತ್ತು ಅದಕ್ಕೆಂದು ಬಿಟ್ಟ ಜಾಗವನ್ನು ಹಿಂದಕ್ಕೆ ಕೇಳದ ಮನಸ್ಸು ಬೇಕು. ಮುಂಗಾರು ದೂರವಿಲ್ಲ. ನಮ್ಮ ಮುದ್ರಣಾಲಯದ ಎದುರಿಗೆ, ಗಟಾರದಿಂದ ತಕ್ಕಷ್ಟು ದೂರದಲ್ಲಿ, ಈ ವರ್ಷ ಒಂದು ಬೇವಿನ ಸಸಿಯನ್ನು ನಾವೂ ನೆಡುವೆವು.